ಇಂಟರ್ನೆಟ್ ಗವರ್ನೆನ್ಸ್ ಕಲಿಯುವುದು ಎಲ್ಲಿ, ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಕಾರ್ಯಾಗಾರಗಳಲ್ಲಿ, ಇಮೇಲ್‌ಗಳಲ್ಲಿ, ಅರ್ಜಿ ಹಾಕುವ ಕಾಲ ಬಂದಾಗ ಫೋನಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಹೊಸಬರು ಮೇಲಿನಿಂದ ಓದಿ. ಒಂದೆರಡು ಕೋರ್ಸ್ ಮುಗಿಸಿದವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಇಂಟರ್ನೆಟ್ ಗವರ್ನೆನ್ಸ್ ಅಂದ್ರೆ ಸರ್ಕಾರ ಇಂಟರ್ನೆಟ್ ನಡೆಸೋದಾ?

ಅಲ್ಲ. ‘ಅಂತರ್ಜಾಲ ಆಡಳಿತ’ ಎಂದು ಕನ್ನಡಿಸಿದೊಡನೆ ವಿಧಾನಸೌಧ ಕಣ್ಣ ಮುಂದೆ ಬರುತ್ತದೆ, ತೊಡಕು ಅಲ್ಲೇ ಶುರು. ವಿಶ್ವಸಂಸ್ಥೆ ನಡೆಸಿದ 2005ರ ಟ್ಯೂನಿಸ್ ಶೃಂಗಸಭೆ ಒಪ್ಪಿದ ವ್ಯಾಖ್ಯೆಯಲ್ಲಿ ಸರ್ಕಾರ, ಖಾಸಗಿ ವಲಯ, ನಾಗರಿಕ ಸಮಾಜ ಮೂರೂ ಇವೆ. ಇವರೆಲ್ಲ ತಮ್ಮ ತಮ್ಮ ಪಾತ್ರದಲ್ಲಿ ನಿಂತು ಇಂಟರ್ನೆಟ್‌ನ ಬೆಳವಣಿಗೆಗೂ ಬಳಕೆಗೂ ಬೇಕಾದ ನಿಯಮ, ರೂಢಿ, ತೀರ್ಮಾನದ ಕ್ರಮಗಳನ್ನು ರೂಪಿಸುವುದಕ್ಕೆ ಈ ಹೆಸರು. ಹೀಗೆ ಎಲ್ಲರೂ ಕೂಡಿ ತೀರ್ಮಾನಿಸುವ ಕ್ರಮಕ್ಕೆ ಬಹುಪಾಲುದಾರ ಮಾದರಿ ಎನ್ನುತ್ತಾರೆ.

ಹಾಸನದಲ್ಲಿ ಕೂತು ಡಾಟ್ ಇನ್ ವಿಳಾಸವೊಂದನ್ನು ತೆರೆಯುವುದನ್ನೇ ನೋಡಿ. ಡಾಟ್ ಇನ್ ನೋಂದಣಿ ನೋಡಿಕೊಳ್ಳುವುದು 2003ರಲ್ಲಿ ಹುಟ್ಟಿದ ಭಾರತೀಯ ಸಂಸ್ಥೆ ನಿಕ್ಸಿ. ಅದಕ್ಕೂ ಮೇಲೆ, ಡಾಟ್ ಇನ್, ಡಾಟ್ ಕಾಮ್‌ನಂಥ ಕೊನೆಪದಗಳೆಲ್ಲ ಇರುವ ಮೂಲಪಟ್ಟಿಯ ಸಮನ್ವಯ ಅಮೆರಿಕದಲ್ಲಿ ನೋಂದಣಿಯಾದ ಲಾಭರಹಿತ ಸಂಸ್ಥೆ ಐಕಾನ್‌ನದು. ಜಾಲದಲ್ಲಿ ಯಂತ್ರಗಳ ವಿಳಾಸವಾದ ಐಪಿ ಸಂಖ್ಯೆ ಹಂಚುವುದು ಬ್ರಿಸ್ಬೇನ್‌ನ ಎಪಿನಿಕ್, ಭಾರತದಲ್ಲಿ ಅದರಡಿ ಐರಿನ್. ಯಂತ್ರಗಳು ಮಾತಾಡುವ ಕ್ರಮವನ್ನು ಇಂಜಿನಿಯರುಗಳ ಮುಕ್ತ ಕೂಟವಾದ ಐಇಟಿಎಫ್ ಬರೆಯುತ್ತದೆ. ಡೇಟಾ ದರದ ನಿಯಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ದು, ತಾಣ ತಡೆಯುವ ಆದೇಶ ಐಟಿ ಕಾಯ್ದೆಯ 69ಎ ಕಲಂ ಅಡಿ ಕೇಂದ್ರದ್ದು. ಎಲ್ಲಕ್ಕೂ ಮೇಲೆ ಕೂತ ಯಜಮಾನ ಎಂಬವನಿಲ್ಲ. ಯಾವ ಪ್ರಶ್ನೆ ಯಾವ ಮೇಜಿನ ಮೇಲೆ ತೀರ್ಮಾನವಾಗುತ್ತದೆ, ಆ ಮೇಜಿಗೆ ಹೋಗುವ ದಾರಿ ಯಾವುದು ಎಂಬುದನ್ನು ಹೇಳಿಕೊಡುವುದೇ ಈ ಕೋರ್ಸ್‌ಗಳ ಕೆಲಸ.

ಇದು ಸೈಬರ್ ಸೆಕ್ಯುರಿಟಿ ಕೋರ್ಸ್ ಥರಾನೇನಾ?

ಒಟಿಪಿ ವಂಚನೆಯಿಂದ ಪಾರಾಗುವುದು, ಪಾಸ್‌ವರ್ಡ್ ಇಟ್ಟುಕೊಳ್ಳುವುದು ಇಲ್ಲಿ ಬರುವುದಿಲ್ಲ. ವಂಚನೆಗೆ ಬಳಸಿದ ಡೊಮೇನನ್ನು, ಅಂದರೆ ತಾಣದ ಹೆಸರನ್ನು, ಯಾರು, ಯಾವ ಅಧಿಕಾರದಿಂದ, ಎಷ್ಟು ಬೇಗ ನಿಲ್ಲಿಸಬಹುದು ಎಂಬುದು ಬರುತ್ತದೆ.

ನಾನು ಇಂಜಿನಿಯರಿಂಗ್ ಓದಿಲ್ಲ, ಬಿಎ ಮಾಡಿದ್ದು. ಅರ್ಥ ಆಗುತ್ತಾ?

ಆಗುತ್ತದೆ. ಈ ವಿಷಯ ಕಲಿಸುವ ಹೆಚ್ಚಿನ ಶಾಲೆಗಳು, ಅಂದರೆ ಕೆಲವು ದಿನಗಳ ತರಬೇತಿ ಶಿಬಿರಗಳು, ಬೇಕೆಂದೇ ವಕೀಲರು, ಪತ್ರಕರ್ತರು, ಇಂಜಿನಿಯರುಗಳು, ಸರ್ಕಾರಿ ಅಧಿಕಾರಿಗಳನ್ನು ಬೆರೆಸಿ ಆರಿಸುತ್ತವೆ. ಆದರೆ ನಾಲ್ಕು ವಿಷಯ ಮೊದಲೇ ಗೊತ್ತಿರಬೇಕು: ತಾಣದ ಹೆಸರಿನಿಂದ ಐಪಿ ವಿಳಾಸ ಹುಡುಕುವ ಡಿಎನ್‌ಎಸ್, ಐಪಿ ವಿಳಾಸ, ಜಾಲಗಳು ಒಂದಕ್ಕೊಂದು ದಾರಿ ತೋರಿಸುವ ರೂಟಿಂಗ್, ಯಂತ್ರಗಳು ಮಾತಾಡುವ ಕ್ರಮವಾದ ಪ್ರೊಟೊಕಾಲ್. ಸಂಜೆಗೆ ಒಂದು ಗಂಟೆಯಂತೆ ಹತ್ತು ದಿನ ಕೂತರೆ ಸಾಕು.

ಇದನ್ನು ಬಿಟ್ಟು ಬಂದವರು ಎಡವುವ ಜಾಗವೂ ಒಂದೇ. ‘ಸೈಟ್ ತೆಗೆಸಿದರು’ ಎಂಬ ಒಂದು ಮಾತಿನ ಹಿಂದೆ ಮೂರು ಬೇರೆ ಕೆಲಸಗಳಿವೆ. ಇಂಟರ್ನೆಟ್ ಕಂಪನಿ ತಡೆದರೆ ಆ ಕಂಪನಿಯ ಗ್ರಾಹಕರಿಗೆ ಮಾತ್ರ ಕಾಣುವುದಿಲ್ಲ. ನೋಂದಣಿ ಸಂಸ್ಥೆ ಡೊಮೇನ್ ಅಮಾನತು ಮಾಡಿದರೆ ಆ ಹೆಸರೇ ಜಗತ್ತಿನಲ್ಲೆಲ್ಲ ಸಾಯುತ್ತದೆ, ಅದೇ ಹೆಸರಿನ ಇಮೇಲ್ ಕೂಡ. ತಾಣದ ಕಡತಗಳನ್ನು ಇಟ್ಟುಕೊಂಡ ಹೋಸ್ಟಿಂಗ್ ಕಂಪನಿ ಅಳಿಸಿದರೆ ವಿಷಯ ಹೋಗುತ್ತದೆ, ಹೆಸರು ಉಳಿಯುತ್ತದೆ. ಇವನ್ನು ಕಲಸಿಕೊಂಡು ಕಾನೂನಿನ ಚರ್ಚೆಗೆ ಇಳಿದರೆ ಅರ್ಧ ದಿನ ವ್ಯರ್ಥ.

ಇಂಥ ಶಾಲೆಗಳು ಎಲ್ಲೆಲ್ಲಿವೆ?

ಮೊದಲನೆಯದು 2007ರಲ್ಲಿ ಜರ್ಮನಿಯ ಮೈಸನ್ ಊರಿನಲ್ಲಿ, ವೋಲ್ಫ್‌ಗಾಂಗ್ ಕ್ಲೈನ್‌ವೆಕ್ಟರ್ ಮುಂದಾಳುತನದಲ್ಲಿ ಶುರುವಾದ ಯುರೋಪಿನ ಬೇಸಿಗೆ ಶಾಲೆ. 2009ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಲ್ಯಾಟಿನ್ ಅಮೆರಿಕದವರದು, 2013ರಲ್ಲಿ ಆಫ್ರಿಕಾದ್ದು, 2016ರಲ್ಲಿ ಏಷ್ಯಾ ಪೆಸಿಫಿಕ್‌ನದು ಬಂದವು. ಅದೇ 2016ರಲ್ಲಿ ಐಕಾನ್‌ನ 57ನೇ ಸಭೆ ಹೈದರಾಬಾದಿನಲ್ಲಿ ನಡೆಯಿತು; ಇಂಡಿಯಾ ಸ್ಕೂಲ್ ಆನ್ ಇಂಟರ್ನೆಟ್ ಗವರ್ನೆನ್ಸ್, ಅಂದರೆ ಇನ್‌ಸಿಗ್, ಹುಟ್ಟಿದ್ದು ಆ ಹೊತ್ತಿಗೆ, ಅದೇ ಊರಿನಲ್ಲಿ. ಅದು ಪ್ರತಿವರ್ಷ ಊರು ಬದಲಿಸುತ್ತದೆ.

ಯುವಕರಿಗೆ ಹಾಂಗ್‌ಕಾಂಗ್‌ನ ಡಾಟ್‌ಏಷ್ಯಾ ನಡೆಸುವ ನೆಟ್‌ಮಿಷನ್ ಇದೆ. ಐಕಾನ್ ಮತ್ತು ಕೊರಿಯಾದ ಇಂಟರ್ನೆಟ್ ಸಂಸ್ಥೆ ಸೇರಿ ಕಟ್ಟಿದ ಎಪಿಗಾ ಅಕಾಡೆಮಿ ಇದೆ. ಆನ್‌ಲೈನ್‌ನಲ್ಲಿ ಐಕಾನ್ ಲರ್ನ್, ಎಪಿನಿಕ್ ಅಕಾಡೆಮಿ, ಇಂಟರ್ನೆಟ್ ಸೊಸೈಟಿ, ಡಿಪ್ಲೊ ಫೌಂಡೇಶನ್ ಕೋರ್ಸ್‌ಗಳು ಸಿಗುತ್ತವೆ. 2002ರಲ್ಲಿ ಮಾಲ್ಟಾ ಮತ್ತು ಸ್ವಿಟ್ಜರ್ಲೆಂಡ್ ಸರ್ಕಾರಗಳು ಸ್ಥಾಪಿಸಿದ ಡಿಪ್ಲೊದ ಪಾಠಕ್ರಮ ಈ ಕ್ಷೇತ್ರದಲ್ಲಿ ಬಹಳ ಕಡೆ ಬಳಕೆಯಲ್ಲಿದೆ.

ಬೆಂಗಳೂರಿನಲ್ಲಿರುವವರಿಗೆ ಒಂದು ಮಾತು. ಈ ವಿಷಯದಲ್ಲಿ ದೀರ್ಘಕಾಲ ಕೆಲಸ ಮಾಡಿದ ಎರಡು ಸಂಸ್ಥೆಗಳು ನಿಮ್ಮೂರಿನಲ್ಲೇ ಹುಟ್ಟಿದವು: 2000ದಲ್ಲಿ ಐಟಿ ಫಾರ್ ಚೇಂಜ್, 2008ರಲ್ಲಿ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ. ಇವರ ವರದಿಗಳು ಉಚಿತ. ಓದಲು ಯಾವ ಶಾಲೆಯ ಅನುಮತಿಯೂ ಬೇಡ.

## ಅರ್ಜಿ, ಖರ್ಚು, ತಯಾರಿ

ಮೊದಲು ಯಾವ ಕೋರ್ಸ್ ಮಾಡ್ಲಿ? ಎಲ್ಲದಕ್ಕೂ ಸೇರ್ಕೊಂಡು ಯಾವುದನ್ನೂ ಮುಗಿಸಿಲ್ಲ

ಹೆಚ್ಚಿನವರ ಗತಿ ಇದೇ. ಆರು ವಾರಕ್ಕೆ ಇಷ್ಟು ಸಾಕು. ಮೊದಲ ವಾರ ಐಕಾನ್ ಲರ್ನ್‌ನ ಪರಿಚಯ ಕೋರ್ಸ್. ಎರಡು ಮತ್ತು ಮೂರನೇ ವಾರ ಎಪಿನಿಕ್ ಅಕಾಡೆಮಿಯಲ್ಲಿ ಡಿಎನ್‌ಎಸ್ ಮತ್ತು ಐಪಿ ವಿಳಾಸದ ಹೊಸ ಆವೃತ್ತಿಯಾದ ಐಪಿವಿ6. ನಾಲ್ಕನೇ ವಾರ ವಿಶ್ವಸಂಸ್ಥೆಯ ಇಂಟರ್ನೆಟ್ ಗವರ್ನೆನ್ಸ್ ಫೋರಂ, ಅಂದರೆ ಐಜಿಎಫ್, ಸಭೆಯ ಒಂದೇ ಒಂದು ಗೋಷ್ಠಿಯ ಪೂರ್ತಿ ಅಕ್ಷರರೂಪ ಓದಿ; ಅವರು ಅದನ್ನು ಜಾಲತಾಣದಲ್ಲಿ ಹಾಕುತ್ತಾರೆ. ಯಾರು ಯಾರನ್ನು ಒಪ್ಪಲಿಲ್ಲ ಎಂದು ಗುರುತು ಮಾಡಿ. ಉಳಿದ ಎರಡು ವಾರ ಟ್ರಾಯ್‌ನ ಒಂದು ಸಮಾಲೋಚನಾ ಪತ್ರಕ್ಕೆ, ಅಂದರೆ ನಿಯಮ ಮಾಡುವ ಮುನ್ನ ಜನರ ಅಭಿಪ್ರಾಯ ಕೇಳುವ ದಾಖಲೆಗೆ, ಮೀಸಲು.

ಈ ಕ್ರಮಕ್ಕೆ ಕಾರಣವಿದೆ. ವಿಡಿಯೊ ಕೋರ್ಸ್‌ಗಳಲ್ಲಿ ಎಲ್ಲರೂ ಒಪ್ಪಿದ ಸಂಗತಿ ಮಾತ್ರ ಬರುತ್ತದೆ. ಜಗಳ ಕಾಣುವುದು ಅಕ್ಷರರೂಪದಲ್ಲಿ.

ಫೀಸು ಎಷ್ಟು? ಬಡವರಿಗೆ ಆಗೋ ಮಾತಾ?

ಐಕಾನ್ ಲರ್ನ್, ಎಪಿನಿಕ್ ಅಕಾಡೆಮಿಯ ಸ್ವಯಂಕಲಿಕೆ ಕೋರ್ಸ್‌ಗಳು ಉಚಿತ. ಡಿಪ್ಲೊ ಶುಲ್ಕ ಪಡೆಯುತ್ತದೆ, ಕೆಲವರಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಊರಿಗೆ ಹೋಗಿ ಕಲಿಯುವ ಶಾಲೆಗಳಲ್ಲಿ ಆಯ್ಕೆಯಾದವರಿಗೆ ಊಟ, ವಸತಿ ಎಷ್ಟರ ಮಟ್ಟಿಗೆ ಎಂಬುದು ಆಯಾ ವರ್ಷದ ಪ್ರಾಯೋಜಕರ ಮೇಲೆ ನಿಂತಿರುತ್ತದೆ. ಪ್ರಯಾಣ ಭತ್ಯೆಯ ಸಾಲನ್ನು ಪ್ರಕಟಣೆಯಲ್ಲಿ ಎರಡು ಸಲ ಓದಿ: ‘ಮರುಪಾವತಿ’ ಎಂದಿದ್ದರೆ ಮೊದಲು ನಿಮ್ಮ ಕೈಯಿಂದಲೇ ಹೋಗಬೇಕು, ಬೋರ್ಡಿಂಗ್ ಪಾಸ್ ಕಳೆದರೆ ವಾಪಸು ಬರುವುದು ಕಷ್ಟ.

ಐಕಾನ್ ಸಭೆಗೆ ಹೋಗಲು ನೆರವಾಗುವ ಐಕಾನ್ ಫೆಲೋಶಿಪ್ ಸಿಕ್ಕರೆ ವಿಮಾನ, ಹೋಟೆಲ್, ದಿನಖರ್ಚು ಅವರದೇ. 21 ವರ್ಷ ತುಂಬಿರಬೇಕು. ಅರ್ಜಿಗೆ ಮೊದಲೇ ಐಕಾನ್ ಲರ್ನ್‌ನ ನಿಗದಿತ ಕೋರ್ಸ್‌ಗಳು ಮುಗಿದಿರಬೇಕು. ಆಯ್ಕೆಯಾದ ಮೇಲೂ ವೀಸಾ ಅಡ್ಡ ಬರಬಹುದು. ಪಾಸ್‌ಪೋರ್ಟ್ ಇಲ್ಲದೆ ಅರ್ಜಿ ಹಾಕಬೇಡಿ. ಇದ್ದರೂ ಸಭೆಯ ದಿನದಿಂದ ಆರು ತಿಂಗಳಿಗಿಂತ ಹೆಚ್ಚು ಅವಧಿ ಉಳಿದಿದೆಯೇ ನೋಡಿಕೊಳ್ಳಿ. ಸರ್ಕಾರಿ ನೌಕರರು ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಆಯ್ಕೆ ಪಟ್ಟಿ ಬರುವ ಮುಂಚೆಯೇ ಕಡತ ಹಾಕುವುದು ಒಳಿತು.

ಅರ್ಜೀಲಿ ‘ನೀವು ಯಾಕೆ ಬರಬೇಕು’ ಅಂತ ಕೇಳಿದಾರೆ. ಏನು ಬರೀಲಿ?

‘ಇಂಟರ್ನೆಟ್ ಬಗ್ಗೆ ನನಗೆ ಅಪಾರ ಆಸಕ್ತಿ, ಸಮಾಜಕ್ಕೆ ಏನಾದರೂ ಮಾಡಬೇಕು’ ಎಂಬ ಅರ್ಜಿಗಳ ರಾಶಿಯೇ ಬರುತ್ತದೆ. ಎಐ ಬರೆದ ಅರ್ಜಿಗಳು ಈ ರಾಶಿಯನ್ನು ಇನ್ನಷ್ಟು ಎತ್ತರ ಮಾಡಿವೆ. ಹತ್ತು ಅರ್ಜಿ ಒಟ್ಟಿಗೆ ಓದುವವರಿಗೆ ಅವು ಒಂದೇ ಅಚ್ಚಿನ ಇಟ್ಟಿಗೆಗಳು.

ಮೂರು ಭಾಗ ಮಾಡಿ. ಮೊದಲು ನಿಮ್ಮ ಕಣ್ಣಿಗೆ ಬಿದ್ದ ಒಂದು ತೊಂದರೆ, ಜಾಗದ ಸಮೇತ: ‘ನಮ್ಮ ತಾಲ್ಲೂಕು ಗ್ರಂಥಾಲಯದ ನೋಂದಣಿ ಅರ್ಜಿ ಕನ್ನಡ ಇಮೇಲ್ ವಿಳಾಸವನ್ನು ತಪ್ಪು ಎಂದು ತಿರಸ್ಕರಿಸುತ್ತದೆ.’ ಆಮೇಲೆ ಅದು ಯಾರ ಕೈಯಲ್ಲಿದೆ ಎಂದು ನೀವು ಊಹಿಸಿದ್ದೀರಿ ಎಂಬುದು. ಊಹೆ ತಪ್ಪಾಗಿದ್ದರೂ ನಡೆಯುತ್ತದೆ, ಯೋಚಿಸಿದ್ದೀರಿ ಎಂದಾದರೂ ತಿಳಿಯುತ್ತದೆ. ಕೊನೆಗೆ ವಾಪಸು ಬಂದು ಏನು ಮಾಡುತ್ತೀರಿ, ಯಾರ ಜೊತೆ, ಎಷ್ಟು ದಿನದಲ್ಲಿ. ‘ಜಾಗೃತಿ ಮೂಡಿಸುತ್ತೇನೆ’ ಎಂದು ಬರೆದರೆ ಏನನ್ನೂ ಬರೆಯದಂತೆ. ‘ನಮ್ಮ ಕಾನೂನು ಕಾಲೇಜಿನ ಎರಡನೇ ವರ್ಷದವರಿಗೆ ಎರಡು ಮಧ್ಯಾಹ್ನದ ಪಾಠ’ ಎಂದರೆ ಕೇಳುವವರು ಕಿವಿ ಕೊಡುತ್ತಾರೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೋಗಿ ಸುಮ್ನೆ ಕೂತ್ಕೊಂಡ್ ಬರೋದಾ?

ಕಷ್ಟ ಕೊಡುವುದು ಇಂಗ್ಲಿಷಿಗಿಂತ ಸಂಕ್ಷೇಪಾಕ್ಷರಗಳು. ಐಕಾನ್ ಸಭೆಯಲ್ಲಿ ಜಿಎಸಿ, ಎಎಲ್‌ಎಸಿ, ಜಿಎನ್‌ಎಸ್‌ಒ, ಸಿಸಿಎನ್‌ಎಸ್‌ಒ ಎಂದು ಉದುರುವಾಗ ಲಂಡನ್ನಿನವರೂ ಮೊದಲ ದಿನ ಕಣ್ಣು ಬಿಡುತ್ತಾರೆ. ಒಂದು ಹಾಳೆಯಲ್ಲಿ ಪ್ರತಿ ಸಂಕ್ಷೇಪದ ಎದುರು ‘ಇದರಲ್ಲಿ ಯಾರು ಕೂರುತ್ತಾರೆ’ ಎಂದು ಕನ್ನಡದಲ್ಲಿ ಬರೆದುಕೊಳ್ಳಿ. ಪೂರ್ಣರೂಪ ನೆನಪಿಡುವುದಕ್ಕಿಂತ ಅದು ಮುಖ್ಯ: ಜಿಎಸಿ ಎಂದರೆ ಸರ್ಕಾರಗಳು, ಎಎಲ್‌ಎಸಿ ಎಂದರೆ ಸಾಮಾನ್ಯ ಬಳಕೆದಾರರ ಪರ ಮಾತಾಡುವವರು.

ದೊಡ್ಡ ಸಭೆಗಳಲ್ಲಿ ಮೈಕಿನ ಮುಂದೆ ಸಿಗುವುದು ಸಾಮಾನ್ಯವಾಗಿ ಎರಡು ನಿಮಿಷ. ಬರೆದುಕೊಂಡು ಓದುವುದು ಅವಮಾನವಲ್ಲ, ರಾಯಭಾರಿಗಳೂ ಓದುತ್ತಾರೆ. 200 ಪದ ಮೀರಬಾರದು. ಹೆಸರು, ಯಾರ ಪರವಾಗಿ ಮಾತಾಡುತ್ತಿದ್ದೀರಿ, ಒಂದು ಅಂಶ, ಒಂದು ಬೇಡಿಕೆ. ಧನ್ಯವಾದಗಳ ಸುರಿಮಳೆ ಬೇಡ.

## ತರಗತಿಯ ಒಳಗೆ

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧವೇ ಇದೆ. ಡಾಟ್ ಇನ್‌ಗೆ ಸಮನಾಗಿ ಕನ್ನಡ ಲಿಪಿಯಲ್ಲಿ ‘.ಭಾರತ’ ಇದೆ. ಆದರೆ ಕನ್ನಡ ಲಿಪಿಯ ಹೆಸರನ್ನು ಮೂಲಪಟ್ಟಿಗೆ ಸೇರಿಸಲು ಯಾವ ಅಕ್ಷರಗಳು ಯಾವ ಕ್ರಮದಲ್ಲಿ ಬರಬಹುದೆಂಬ ನಿಯಮ ಬೇಕು. ಭಾರತದ ಒಂಬತ್ತು ಲಿಪಿಗಳಿಗೆ ಈ ನಿಯಮ ಬರೆದದ್ದು ನಿಯೊ ಬ್ರಾಹ್ಮಿ ಎಂಬ ಸ್ವಯಂಸೇವಕ ತಂಡ, ಅದರಲ್ಲಿ ಕನ್ನಡವೂ ಒಂದು.

ಅಲ್ಲಿ ಎರಡು ಗಂಟುಗಳಿದ್ದವು. ಕನ್ನಡ ಮತ್ತು ತೆಲುಗಿನ ಹಲವು ಅಕ್ಷರಗಳು ನೋಡಲು ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆ. ಕನ್ನಡದ ‘ಅ’ಗೆ ಒಂದು ಯೂನಿಕೋಡ್ ಸಂಖ್ಯೆ, ತೆಲುಗಿನದಕ್ಕೆ ಇನ್ನೊಂದು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರು ಇಬ್ಬರ ಪಾಲಾದರೆ ವಂಚಕನಿಗೆ ಹಬ್ಬ. ಅದಕ್ಕೇ ಅಂಥ ಜೋಡಿಗಳನ್ನು ಪರ್ಯಾಯ ರೂಪವೆಂದು ಗುರುತಿಸಿ, ಒಂದನ್ನು ಕೊಟ್ಟರೆ ಇನ್ನೊಂದು ಬೇರೆಯವರಿಗೆ ಸಿಗದಂತೆ ಮಾಡಲಾಯಿತು. ಎರಡನೆಯದು ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಒತ್ತಕ್ಷರ ಬೀಳದಂತೆ ನಡುವೆ ಹಾಕುವ, ಕಣ್ಣಿಗೆ ಕಾಣದ ಚಿಹ್ನೆ. ಕಾಣದ ಅಕ್ಷರಕ್ಕೆ ಮೂಲಪಟ್ಟಿಯಲ್ಲಿ ಜಾಗವಿಲ್ಲ. ಅಂಥ ಪದ ಉನ್ನತ ಮಟ್ಟದ ಡೊಮೇನ್, ಅಂದರೆ ವಿಳಾಸದ ಕೊನೆಪದ, ಆಗಬೇಕಾದರೆ ರೂಪ ಬದಲಿಸಲೇಬೇಕು.

ತರಗತಿಯಲ್ಲಿ ಮಾಡಿಸಬಹುದಾದ ಅಭ್ಯಾಸ: ಕನ್ನಡದ ಒಂದು ಇಮೇಲ್ ವಿಳಾಸವನ್ನು ಬ್ಯಾಂಕ್, ರೈಲ್ವೆ, ವಿಶ್ವವಿದ್ಯಾಲಯ ಹೀಗೆ ಹತ್ತು ಅರ್ಜಿಗಳಲ್ಲಿ ಟೈಪಿಸಿ, ಸಲ್ಲಿಸುವ ಗುಂಡಿ ಒತ್ತದೆ ಸುಮ್ಮನೆ ನೋಡಿ. ತಿರಸ್ಕಾರವಾದ ಕಡೆ ಸಾಮಾನ್ಯ ಕಾರಣ, ವಿಳಾಸ ಎಂದರೆ ಲ್ಯಾಟಿನ್ ಅಕ್ಷರ ಮಾತ್ರ ಎಂದು ಯಾರೋ ಬರೆದಿಟ್ಟ ತಪಾಸಣೆಯ ಸಾಲು. ತಾಂತ್ರಿಕ ಮಾನದಂಡ 2012ರಿಂದಲೇ ಇದೆ. ಇದನ್ನು ಸರಿಪಡಿಸುವ ಪ್ರಯತ್ನಕ್ಕೆ ಯುನಿವರ್ಸಲ್ ಆಕ್ಸೆಪ್ಟೆನ್ಸ್ ಎಂದು ಹೆಸರು.

ಟ್ರೇಸ್‌ರೂಟ್ ಹಾಕಿದ್ರೆ ಬರೀ ನಕ್ಷತ್ರ ಬರುತ್ತೆ. ನೆಟ್ ಕೆಟ್ಟಿದೆಯಾ?

ಬಹುತೇಕ ಇಲ್ಲ. ಟ್ರೇಸ್‌ರೂಟ್ ಎಂದರೆ ಡೇಟಾದ ತುಣುಕು, ಅಂದರೆ ಪ್ಯಾಕೆಟ್, ಸಾಗುವ ದಾರಿಯ ಒಂದೊಂದು ರೂಟರನ್ನೂ ಒಂದೊಂದು ಸಾಲಿನಲ್ಲಿ ತೋರಿಸುವ ಆಜ್ಞೆ. ನಡುವಿನ ರೂಟರ್ ‘ನಾನಿಲ್ಲಿದ್ದೇನೆ’ ಎಂದು ಉತ್ತರಿಸದೆ ಪ್ಯಾಕೆಟ್ ಮುಂದೆ ಕಳಿಸಿದರೆ ಆ ಸಾಲಿನಲ್ಲಿ ಮೂರು ನಕ್ಷತ್ರ. ಕೊನೆಯ ಸಾಲು ಬಂದಿದ್ದರೆ ಎಲ್ಲ ಸರಿ. ಎರಡನೇ ಸಾಲಿನಿಂದಲೇ ಪೂರ್ತಿ ನಕ್ಷತ್ರವಾದರೆ ಕಾಲೇಜಿನ ಫೈರ್‌ವಾಲ್ ತಡೆಯುತ್ತಿರಬಹುದು. ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿ.

ನಿಜವಾಗಿ ನೋಡಬೇಕಾದ್ದು ಸಮಯ. ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ, ತೆರೆಯ ಮೇಲಿನ ಸಂಖ್ಯೆ ಹೋಗಿಬರುವ ಒಟ್ಟು ಸಮಯ. ಮುಂಬೈಯಲ್ಲಿದೆ ಎನ್ನುವ ಸರ್ವರಿಗೆ ಹೋಗುವಾಗ ನಡುವೆ 150 ಮಿಲಿಸೆಕೆಂಡ್ ದಾಟಿ, ಆಮೇಲಿನ ಸಾಲುಗಳಲ್ಲೂ ಇಳಿಯದೆ ನಿಂತರೆ, ಪ್ಯಾಕೆಟ್ ಸಮುದ್ರ ದಾಟಿ ಸುತ್ತಿ ಬಂದಿರುವ ಸಾಧ್ಯತೆ ಹೆಚ್ಚು. ಒಂದೇ ಸಾಲಿನಲ್ಲಿ ಏರಿ ಮುಂದಿನದರಲ್ಲಿ ಇಳಿದರೆ ಆ ರೂಟರ್ ಉತ್ತರ ಕೊಡುವುದರಲ್ಲಿ ಸೋಮಾರಿ, ಅಷ್ಟೆ. ದೇಶದೊಳಗಿನ ಮಾತು ದೇಶದೊಳಗೇ ಬದಲಾಗಲಿ ಎಂದೇ ಜಾಲಗಳು ಒಂದಕ್ಕೊಂದು ಕೂಡುವ ನಿಕ್ಸಿಯ ವಿನಿಮಯ ಕೇಂದ್ರಗಳು ಹುಟ್ಟಿದ್ದು, ಪಾಠ ಅಲ್ಲಿಗೆ ಜೋಡಿಸಿಕೊಳ್ಳಬಹುದು.

ಅಣಕು ಮಾತುಕತೆ ಅಂತಾರಲ್ಲ, ಅದನ್ನ ಹೇಗೆ ನಡೆಸೋದು?

ಇಡೀ ಶಾಲೆಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳಬೇಕು. 30 ಜನ, ಐವರಂತೆ ಆರು ಗುಂಪು: ಕೇಂದ್ರ ಸಚಿವಾಲಯ, ಟೆಲಿಕಾಂ ಕಂಪನಿ, ಆ್ಯಪ್ ಕಂಪನಿ, ಪೋಷಕರ ಸಂಘ, ತಾಂತ್ರಿಕ ಸಮುದಾಯ, ಸರ್ಕಾರಿ ಶಾಲೆಯ ಶಿಕ್ಷಕರು. ವಿಷಯ ಹತ್ತಿರದ್ದಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ, ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ. ಅಪ್ಪ ಅಮ್ಮನ ಬಳಿ ಸ್ವಂತ ಫೋನಿಲ್ಲದ ಮನೆಯ ಮಗುವಿಗೆ ಶಾಲೆಯ ಆ್ಯಪ್ ಒಪ್ಪಿಗೆ ಪಡೆಯುವುದು ಹೇಗೆ?

ಕೈಗೆ ಕೊಡುವ ಕರಡು 12 ಸಾಲು ಮೀರಬಾರದು, ಪ್ರತಿ ಸಾಲಿಗೂ ಸಂಖ್ಯೆ ಇರಲಿ. ಗುಂಪಿನೊಳಗೆ 30 ನಿಮಿಷ, ಎಲ್ಲರೂ ಕೂಡಿ ಮೊದಲ ಓದು 40 ನಿಮಿಷ, ಚಹಾದ ನೆಪದಲ್ಲಿ ಮೊಗಸಾಲೆ ಮಾತು 20, ಕರಡು ತಿದ್ದುವುದು 45, ಕೊನೆಗೆ ವೇಷ ಕಳಚಿ ವಿಮರ್ಶೆ 15. ಒಟ್ಟು ಎರಡೂವರೆ ಗಂಟೆ. ಒಪ್ಪಿಗೆಯಾಗದ ಪದಗಳು ಚೌಕ ಆವರಣದಲ್ಲಿರಬೇಕು, ವಿಶ್ವಸಂಸ್ಥೆಯ ಪದ್ಧತಿ ಅದು. ಕೈ ಎತ್ತಿಸಿ ಎಣಿಸಬೇಡಿ. ಐಇಟಿಎಫ್‌ನಂತೆ ಒಪ್ಪುವವರು ಬಾಯಿ ಮುಚ್ಚಿ ಗುಂಯ್‌ಗುಡಲಿ, ಆಮೇಲೆ ಒಪ್ಪದವರು. ಬಹುಮತವನ್ನು ಎಣಿಸದೆ, ಆಕ್ಷೇಪಕ್ಕೆ ಉತ್ತರ ಸಿಕ್ಕಿತೇ ಎಂದು ಕೇಳುವ ಅಭ್ಯಾಸ ಅದರಿಂದ ಬರುತ್ತದೆ.

ಕೆಡುವ ರೀತಿಗಳೂ ಗೊತ್ತಿರುವಂಥವೇ. ಮೇಷ್ಟ್ರು ಅಧ್ಯಕ್ಷರಾದರೆ ಎಲ್ಲರೂ ಅವರ ಮುಖ ನೋಡುತ್ತಾರೆ, ವಿದ್ಯಾರ್ಥಿಯನ್ನೇ ಕೂರಿಸಿ. ಸರ್ಕಾರದ ಪಾತ್ರ ಸಿಕ್ಕವರು ಸಿನಿಮಾ ಖಳನಾಯಕರಾಗುತ್ತಾರೆ. ಅದಕ್ಕೆ ಪ್ರತಿ ಗುಂಪಿಗೂ ‘ನೀವು ಬಿಟ್ಟುಕೊಡಲಾರದ್ದು ಒಂದು, ಬಿಟ್ಟುಕೊಡಬಹುದಾದ್ದು ಎರಡು’ ಎಂಬ ಗುಟ್ಟಿನ ಚೀಟಿ ಕೊಡಿ. ವಕೀಲರನ್ನು ಪೋಷಕರ ಸಂಘಕ್ಕೂ ಇಂಜಿನಿಯರುಗಳನ್ನು ಸಚಿವಾಲಯಕ್ಕೂ ಹಾಕಿದರೆ ಕಲಿಕೆ ಹೆಚ್ಚು.

## ಮುಂದುವರಿದವರಿಗೆ

ನಮ್ಮ ಕಾಲೇಜಲ್ಲೇ ಎರಡು ದಿನದ ಶಾಲೆ ಮಾಡಬಹುದಾ?

ಮಾಡಬಹುದು. 40ಕ್ಕಿಂತ ಹೆಚ್ಚು ಜನ ಬೇಡ. ಸರಿಸಬಹುದಾದ ಕುರ್ಚಿಗಳ ಕೊಠಡಿ, ಆರು ಲ್ಯಾಪ್‌ಟಾಪ್, ಬೇರೆ ಬೇರೆ ಕಂಪನಿಯ ಎರಡು ಹಾಟ್‌ಸ್ಪಾಟ್. ಎರಡು ಕಂಪನಿ ಏಕೆಂದರೆ ಒಂದೇ ತಾಣಕ್ಕೆ ಎರಡು ಜಾಲದಲ್ಲಿ ಬೇರೆ ದಾರಿ ಕಾಣಬಹುದು, ತಡೆಯುವ ರೀತಿಯೂ ಬೇರೆಯಾಗಿರಬಹುದು. ಆ ವ್ಯತ್ಯಾಸವೇ ಪಾಠ.

ಮೊದಲ ಬೆಳಿಗ್ಗೆ ತಂತ್ರ, ಮಧ್ಯಾಹ್ನ ಸಂಸ್ಥೆಗಳು. ಎರಡನೇ ಬೆಳಿಗ್ಗೆ ಒಂದು ತೀರ್ಪಿನ ಓದು, ಮಧ್ಯಾಹ್ನ ಅಣಕು ಮಾತುಕತೆ. ತೀರ್ಪಿಗೆ ದೂರ ಹೋಗಬೇಕಿಲ್ಲ: ವಿಷಯ ತೆಗೆಯಿರಿ ಎಂದು ಸರ್ಕಾರ ಕಂಪನಿಗಳಿಗೆ ನೋಟಿಸ್ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ರದ್ದುಮಾಡಿದ ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಾಲ್ ತೀರ್ಪನ್ನು ಪಕ್ಕದಲ್ಲಿಟ್ಟು ಓದಿಸಿ, ಎರಡರ ನಡುವಿನ ಎಳೆದಾಟವನ್ನು ವಿದ್ಯಾರ್ಥಿಗಳೇ ಹುಡುಕಲಿ.

ಭಾಷಣಕಾರರಿಗೆ 20 ನಿಮಿಷ, ಪ್ರಶ್ನೆಗೆ 40. ಉದ್ಘಾಟನೆ, ಹಾರ, ಶಾಲು, ಸ್ಮರಣಿಕೆ ಎಲ್ಲ ಸೇರಿ ಹತ್ತು ನಿಮಿಷ. ಇದನ್ನು ಪ್ರಾಂಶುಪಾಲರಿಗೆ ಒಪ್ಪಿಸುವುದೇ ನಿಮ್ಮ ಮೊದಲ ಬಹುಪಾಲುದಾರ ಮಾತುಕತೆ.

ಬಹುಪಾಲುದಾರ ಅನ್ನೋದೆಲ್ಲ ನಾಟಕ ಅಲ್ವಾ? ಕೊನೆಗೆ ನಡೆಯೋದು ದೊಡ್ಡ ಕಂಪನಿಗಳ ಮಾತೇ ತಾನೆ?

ಅರ್ಧ ನಿಜ. ಐಜಿಎಫ್‌ಗೆ ಕಟ್ಟುಪಾಡು ವಿಧಿಸುವ ಅಧಿಕಾರ ಮೊದಲಿನಿಂದಲೂ ಇಲ್ಲ. 2006ರ ಅಥೆನ್ಸ್ ಸಭೆಯಿಂದ ಇಂದಿನವರೆಗೆ, 2008ರ ಹೈದರಾಬಾದ್ ಸಭೆಯೂ ಸೇರಿ, ಅದು ಚರ್ಚೆಯ ಕಟ್ಟೆ. ಐಕಾನ್‌ನ ತೀರ್ಮಾನಗಳು ಒಪ್ಪಂದಗಳ ಮೂಲಕ ಕಟ್ಟುತ್ತವೆ, ಆದರೆ ಅಲ್ಲಿ ಕಂಪನಿಯವರು ಸಂಬಳ ಪಡೆದು ಕೂರುತ್ತಾರೆ, ಬಳಕೆದಾರರ ಪರ ಇರುವವರು ರಜೆ ಹಾಕಿ ಬರುತ್ತಾರೆ. ಐಟಿ ಫಾರ್ ಚೇಂಜ್‌ನಂಥವರು ಈ ಮಾದರಿಯನ್ನು ಬಹಳ ಕಾಲದಿಂದ ಟೀಕಿಸಿದ್ದಾರೆ.

ಭಾರತದ ನಿಲುವೇ ಬದಲಾಗಿದೆ. 2011ರಲ್ಲಿ ವಿಶ್ವಸಂಸ್ಥೆಯಡಿ ಸರ್ಕಾರಗಳ ಸಮಿತಿಯೊಂದು ಬೇಕೆಂದು ಪ್ರಸ್ತಾಪಿಸಿದ ದೇಶವೇ 2015ರ ಐಕಾನ್ ಸಭೆಯಲ್ಲಿ ಬಹುಪಾಲುದಾರ ಮಾದರಿಗೆ ಬೆಂಬಲ ಸಾರಿತು. ಈ ಟೀಕೆಯನ್ನು ಪಾಠಕ್ರಮದಿಂದ ಹೊರಗಿಟ್ಟ ಶಾಲೆ ಪ್ರಚಾರ ಶಿಬಿರ. ಸೇರುವ ಮುನ್ನ ಬೋಧಕರ ಪಟ್ಟಿಯಲ್ಲಿ ಟೀಕಾಕಾರರು ಒಬ್ಬರಾದರೂ ಇದ್ದಾರೆಯೇ ನೋಡಿ.

ಸರ್ಟಿಫಿಕೇಟಿಂದ ಕೆಲಸ ಸಿಗುತ್ತಾ?

ಬರೀ ಸರ್ಟಿಫಿಕೇಟಿನಿಂದ ಇಲ್ಲ. ನೀತಿ ಸಂಶೋಧನಾ ಸಂಸ್ಥೆ, ಕಂಪನಿಗಳ ನೀತಿ ವಿಭಾಗ, ಕಾನೂನು ಕಚೇರಿ, ಟೆಲಿಕಾಂ ಕಂಪನಿಯ ನಿಯಂತ್ರಣ ವಿಭಾಗಗಳಲ್ಲಿ ಕೆಲಸಗಳಿವೆ. ಅಲ್ಲಿ ಕೇಳುವುದು ನಿಮ್ಮ ಹೆಸರಿನಲ್ಲಿ ಪ್ರಕಟವಾದ ಬರಹ. ಮುಂದಿನ ಪ್ರಶ್ನೆಯ ಉತ್ತರದಂತೆ ಸಲ್ಲಿಸಿದ ಎರಡು ಅಭಿಪ್ರಾಯಗಳು ಐದು ಸರ್ಟಿಫಿಕೇಟಿಗೆ ಸಮ.

ಟ್ರಾಯ್‌ಗೆ ನಾನೂ ಅಭಿಪ್ರಾಯ ಕಳಿಸಬಹುದಾ? ಅವರು ಓದ್ತಾರಾ?

ಯಾರು ಬೇಕಾದರೂ ಕಳಿಸಬಹುದು. ಟ್ರಾಯ್ ಮೊದಲು ಸಮಾಲೋಚನಾ ಪತ್ರ ಹೊರಡಿಸುತ್ತದೆ. ಅಭಿಪ್ರಾಯಕ್ಕೆ ಸಾಮಾನ್ಯವಾಗಿ ನಾಲ್ಕು ವಾರ, ಇತರರ ಅಭಿಪ್ರಾಯಕ್ಕೆ ಪ್ರತ್ಯುತ್ತರ ಕೊಡಲು ಇನ್ನೆರಡು ವಾರ, ಆಮೇಲೆ ಮುಕ್ತ ಸಭೆ. ಐಕಾನ್‌ನಲ್ಲಿ ಸಾಮಾನ್ಯ ಅವಧಿ 40 ದಿನ.

ಪತ್ರದ ಕೊನೆಗೆ ಸಂಖ್ಯೆ ಹಾಕಿದ ಪ್ರಶ್ನೆಗಳಿರುತ್ತವೆ. ಎಲ್ಲಕ್ಕೂ ಉತ್ತರಿಸಬೇಕಿಲ್ಲ, ಗೊತ್ತಿರುವ ಎರಡನ್ನು ಆರಿಸಿ. ಪ್ರಶ್ನೆಯ ಸಂಖ್ಯೆ, ಒಂದು ಸಾಲಿನ ನೇರ ಉತ್ತರ, ಕಾರಣ, ನಿಮ್ಮ ಕಡೆಯ ಪುರಾವೆ, ನಿಯಮದಲ್ಲಿ ಯಾವ ಪದ ಬದಲಾಗಬೇಕು ಎಂಬ ಸಲಹೆ. ಎರಡು ಪುಟ ಸಾಕು. ‘ನಮ್ಮ ಪಂಚಾಯಿತಿಯ ಮೂರು ಹಳ್ಳಿಯಲ್ಲಿ ಒಂದೇ ಕಂಪನಿಯ ಸಿಗ್ನಲ್’ ಎಂಬ ಸಂಗತಿ ದೆಹಲಿಯ ವಕೀಲರ ಬಳಿ ಇರುವುದಿಲ್ಲ, ನಿಮ್ಮ ಬಲ ಅದು.

ನಕಲು ಪತ್ರ ಬೇಡ. ಬೇರೆ ಬೇರೆ ಸೇವೆಗೆ ಬೇರೆ ಬೇರೆ ಡೇಟಾ ದರದ ಚರ್ಚೆಯಲ್ಲಿ ಆಯ್ದ ತಾಣಗಳನ್ನು ಮಾತ್ರ ಉಚಿತವಾಗಿ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಪರವಾಗಿ ಬಂದ ಒಂದೇ ಅಚ್ಚಿನ ರಾಶಿ ಪತ್ರಗಳು ಕೇಳಿದ ಪ್ರಶ್ನೆಗೆ ಉತ್ತರಿಸಿಲ್ಲವೆಂದು ಟ್ರಾಯ್ ಆಕ್ಷೇಪಿಸಿತ್ತು. 2016ರ ಫೆಬ್ರುವರಿ 8ರಂದು ಅಂಥ ತಾರತಮ್ಯದ ದರಗಳನ್ನು ನಿಷೇಧಿಸುವ ನಿಯಮ ಬಂತು.

ಕಳಿಸುವಾಗ ವಿಷಯದ ಸಾಲಿನಲ್ಲಿ ಪತ್ರದ ಹೆಸರು, ದಿನಾಂಕ ಹಾಕಿ. ಅಭಿಪ್ರಾಯಗಳು ಜಾಲತಾಣದಲ್ಲಿ ಪ್ರಕಟವಾಗುವುದರಿಂದ ಮೊಬೈಲ್ ಸಂಖ್ಯೆ, ಮನೆ ವಿಳಾಸವನ್ನು ಪತ್ರದ ಒಳಗೆ ಸೇರಿಸದೆ ಇಮೇಲ್‌ನಲ್ಲಷ್ಟೇ ಬರೆಯಿರಿ. ಗಡುವು ವಿಸ್ತರಣೆಯಾಗುವುದು ಸಾಮಾನ್ಯ. ಅದನ್ನು ನಂಬಿ ಕೂರಬೇಡಿ, ಆದರೆ ತಪ್ಪಿಹೋಯಿತೆಂದು ಕಡತ ಮುಚ್ಚುವ ಮುನ್ನ ಒಮ್ಮೆ ಜಾಲತಾಣ ನೋಡಿ. ಆ ಹೊತ್ತಿಗೆ ಪ್ರತ್ಯುತ್ತರದ ಎರಡು ವಾರ ಶುರುವಾಗಿದ್ದರೆ, ಬೇರೆಯವರ ಅಭಿಪ್ರಾಯ ಓದಿ ಅಲ್ಲಿ ನಿಮ್ಮ ಮಾತು ಸೇರಿಸಬಹುದು.